ಡೀಸೆಲ್ ಮೇಲೆ ಯುವಿ ಟಾರ್ಚ್ ಹಿಡಿದರೆ ನೀಲಿ ಹೊಳೆಯುತ್ತದೆ. ಇದೇನಾ ಕಲಬೆರಕೆ ಹಿಡಿಯಲು ಸರ್ಕಾರ ಎಣ್ಣೆಗೆ ಬೆರೆಸುವ ಗುಪ್ತ ಗುರುತು, ಅಂದರೆ ಮಾರ್ಕರ್?

ಪಂಪ್_ನಾಜಲ್_ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನನ್ನದು ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಅಂಗಡಿ. ಜೊತೆಗೆ ಕಾರಿನ ಎಸಿ ಕೆಲಸವೂ ಇದೆ. ಗ್ಯಾಸ್ ಎಲ್ಲಿ ಲೀಕ್ ಆಗುತ್ತಿದೆ ಎಂದು ಹುಡುಕಲು ಕಂಪ್ರೆಸರ್ ಆಯಿಲ್ ಜೊತೆ ಸ್ವಲ್ಪ ಡೈ ಬಿಡುತ್ತೇವೆ. ಆಮೇಲೆ ಯುವಿ (ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ) ಟಾರ್ಚ್ ಹಾಕಿದರೆ ಲೀಕ್ ಇದ್ದ ಜಾಗ ಹಸಿರು-ಹಳದಿಯಾಗಿ ಹೊಳೆಯುತ್ತದೆ. ಇದು ನಮಗೆ ದಿನದ ಕೆಲಸ.

ಈಗ ವಿಷಯಕ್ಕೆ ಬರುತ್ತೇನೆ. ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. "ಕಲಬೆರಕೆ ಡೀಸೆಲ್‌ನಲ್ಲಿ ಕಣ್ಣಿಗೆ ಕಾಣದ ಕೆಮಿಕಲ್ ಇರುತ್ತದೆ, ಯುವಿ ಟಾರ್ಚ್ ಹಾಕಿದರೆ ನೀಲಿ ಹೊಳೆಯುತ್ತದೆ, ಬಂಕಿನವರು ಸಿಕ್ಕಿಬೀಳುತ್ತಾರೆ" ಅಂತ. ಕುಂದಗೋಳ ಕಡೆಯ ಟ್ರ್ಯಾಕ್ಟರ್ ಮಾಲೀಕರೊಬ್ಬರು ಅದನ್ನು ನೋಡಿ ಕ್ಯಾನ್ ಹಿಡಿದುಕೊಂಡೇ ಅಂಗಡಿಗೆ ಬಂದರು. ಟಾರ್ಚ್ ಹಾಕಿದರೆ ನಿಜಕ್ಕೂ ನೀಲಿ! ಅವರು ಬಂಕಿಗೆ ಜಗಳಕ್ಕೆ ಹೊರಟೇ ಬಿಟ್ಟಿದ್ದರು. ತಡೆದು ಕೂರಿಸಿ, ನನ್ನ ಅಂಗಡಿಯಲ್ಲಿದ್ದ ಬೇರೆ ಬೇರೆ ಬಂಕಿನ ಡೀಸೆಲ್ ಮೇಲೂ ಟಾರ್ಚ್ ಹಾಕಿದೆ. ಎಲ್ಲವೂ ನೀಲಿಯೇ. ಹಾಗಾದರೆ ಊರಿನ ಡೀಸೆಲ್ ಎಲ್ಲಾ ಕಲಬೆರಕೆಯಾ? ಅಥವಾ ವಿಡಿಯೋನೇ ಸುಳ್ಳಾ? ತಿಳಿದವರು ಹೇಳಿ.

ಲಾರಿ_ಕಾಕಾ:
ಎಲ್ಲಾ ಕಲಬೆರಕೆಯೇ ತಮ್ಮಾ. ಡೀಸೆಲ್, ಹಾಲು, ರಾಜಕೀಯ, ಯಾವುದನ್ನು ಬಿಟ್ಟಿದ್ದಾರೆ? 😀

ರಸಾಯನ_ಮಾಸ್ತರ್_ಧಾರವಾಡ:
ಕಾಕಾ, ಡೀಸೆಲ್ ವಿಷಯದಲ್ಲಿ ಅಷ್ಟು ಬೇಗ ತೀರ್ಪು ಕೊಡಬೇಡಿ.

ಪಂಪ್ ಅಣ್ಣಾ, ವಿಡಿಯೋ ಹೇಳಿದ್ದು ತಪ್ಪು. ಡೀಸೆಲ್ ತಾನಾಗಿಯೇ ಹೊಳೆಯುತ್ತದೆ. ಕಚ್ಚಾ ತೈಲದಿಂದ ಬಂದ ಡೀಸೆಲ್‌ನಲ್ಲಿ ಎರಡು ಮೂರು ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡಂಥ ಅಣುಗಳು ಇರುತ್ತವೆ. ಅವು ಯುವಿ ಬೆಳಕನ್ನು ನುಂಗಿ ಸ್ವಲ್ಪ ಶಕ್ತಿ ಕಳೆದುಕೊಂಡು, ಉಳಿದದ್ದನ್ನು ನೀಲಿ ಬೆಳಕಾಗಿ ವಾಪಸ್ ಬಿಡುತ್ತವೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ನಾವು ಕ್ಲಾಸಿನಲ್ಲೂ ಫ್ಲೋರೊಸೆನ್ಸ್ ಅಂತಲೇ ಹೇಳುವುದು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿದ. ಹೀರುವ ಬೆಳಕಿಗಿಂತ ಬಿಡುವ ಬೆಳಕಿನ ತರಂಗ ಉದ್ದ ಎಂಬುದು ಅವನ ಮಾತಿನ ಸಾರ. ನಿಮ್ಮ ಎಸಿ ಡೈ ಮಾಡುವುದೂ ಅದೇ ಕೆಲಸ.

ಮನೆಯಲ್ಲೇ ನೋಡಬೇಕೆಂದರೆ ಚಿಟಿಕೆ ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕಲಸಿ ಟಾರ್ಚ್ ಹಾಕಿ, ಹಸಿರಾಗಿ ಹೊಳೆಯುತ್ತದೆ. ಪಾಲಕ್ ಸೊಪ್ಪು ಅರೆದು ಸ್ಪಿರಿಟ್‌ನಲ್ಲಿ ಸೋಸಿದರೆ ಆ ಹಸಿರು ನೀರು ರಕ್ತದ ಹಾಗೆ ಕೆಂಪಗೆ ಹೊಳೆಯುತ್ತದೆ. ಅರಿಶಿನಕ್ಕಾಗಲಿ ಪಾಲಕ್‌ಗಾಗಲಿ ಯಾರೂ ಮಾರ್ಕರ್ ಹಾಕಿಲ್ಲ, ಅಲ್ವಾ?

ಹಾಗಾಗಿ ನೀಲಿ ಕಂಡಿತು ಎಂದು ಯಾರ ಮೇಲೂ ಆರೋಪ ಹೊರಿಸುವ ಹಾಗಿಲ್ಲ. ಕುಂದಗೋಳದವರನ್ನು ತಡೆದಿದ್ದು ಒಳ್ಳೆಯದೇ ಆಯಿತು.

ಪಂಪ್_ನಾಜಲ್_ಹುಬ್ಬಳ್ಳಿ:
ಸರಿ ಮಾಸ್ತರ್. ಆದರೆ ಮಾರ್ಕರ್ ಅನ್ನುವುದೇ ಸುಳ್ಳಲ್ಲ ತಾನೆ? ಹಿಂದೆ ಬಂಕಿನವರೇ ಆ ಮಾತು ಆಡುತ್ತಿದ್ದುದನ್ನು ಕೇಳಿದ್ದೇನೆ.

ಡಿಪೋ_ನಿವೃತ್ತ:
ಸುಳ್ಳಲ್ಲ. ನಾನು ತೈಲ ಡಿಪೋದಲ್ಲಿ ಇದ್ದವನು. ನಾನು ನೋಡಿದ್ದನ್ನೂ, ಆಗ ಪೇಪರಿನಲ್ಲಿ ಬಂದದ್ದನ್ನೂ ಸೇರಿಸಿ ಹೇಳುತ್ತೇನೆ.

ರೇಷನ್ ಸೀಮೆಎಣ್ಣೆ ನೀಲಿ ಇರುತ್ತಿದ್ದುದು ಎಲ್ಲರಿಗೂ ನೆನಪಿರಬೇಕು. ಅದು ಕಣ್ಣಿಗೆ ಕಾಣುವ ಗುರುತು. ಸಬ್ಸಿಡಿ ಎಣ್ಣೆ ಯಾವುದು, ಮುಕ್ತ ಮಾರಾಟದ ಬಿಳಿ ಎಣ್ಣೆ ಯಾವುದು ಎಂದು ಗೊತ್ತಾಗಲಿ ಅಂತ ಹಾಕಿದ ಬಣ್ಣ. ಆದರೆ ದೊಡ್ಡ ಟ್ಯಾಂಕ್ ಡೀಸೆಲ್‌ಗೆ ಸ್ವಲ್ಪ ನೀಲಿ ಎಣ್ಣೆ ಬೆರೆಸಿದರೆ ಬಣ್ಣ ಎಲ್ಲಿ ಕಾಣಬೇಕು? ಡೀಸೆಲ್‌ನ ಹಳದಿಯಲ್ಲಿ ಕರಗಿಹೋಗುತ್ತದೆ. ಇನ್ನು ಬಣ್ಣವನ್ನೇ ತೆಗೆದುಬಿಡುವ ಜನರೂ ಇದ್ದರು.

2005ರ ನವೆಂಬರ್ 19. ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಷಣ್ಮುಗಂ ಮಂಜುನಾಥ್ ಎಂಬ ಇಂಡಿಯನ್ ಆಯಿಲ್ ಅಧಿಕಾರಿಯನ್ನು ಗುಂಡಿಕ್ಕಿ ಕೊಂದರು. ನಮ್ಮ ಕೆಜಿಎಫ್‌ನಲ್ಲಿ ಬೆಳೆದ ಹುಡುಗ. ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ. ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಹಾಕಿಸಿದ್ದೇ ಅವನ ತಪ್ಪು. ದೇಶವೆಲ್ಲಾ ಗದ್ದಲವಾಯಿತು.

2006ರ ಅಕ್ಟೋಬರ್‌ನಿಂದ ಸೀಮೆಎಣ್ಣೆಗೆ ಕಣ್ಣಿಗೆ ಕಾಣದ ಮಾರ್ಕರ್ ಹಾಕುವುದು ಶುರುವಾಯಿತು. ಹೊರದೇಶದ ಕಂಪನಿಯೊಂದರ ಸರಕು ಅದು. ಬಂಕಿನ ಪೆಟ್ರೋಲ್, ಡೀಸೆಲ್ ಸ್ಯಾಂಪಲ್ ತೆಗೆದು ಅಲ್ಲೇ ಕಿಟ್‌ನಲ್ಲಿ ಪರೀಕ್ಷೆ ಮಾಡುವುದು. ಮಾರ್ಕರ್ ಸಿಕ್ಕಿತು ಎಂದರೆ ಸೀಮೆಎಣ್ಣೆ ಬೆರೆತಿದೆ ಎಂದೇ ಅರ್ಥ.

ಎರಡು ವರ್ಷ ನಡೆಯಿತು. 2008 ಮುಗಿಯುವ ಹೊತ್ತಿಗೆ ನಿಂತುಹೋಯಿತು. ಕಾರಣ, ಮಾರ್ಕರನ್ನು ಜೇಡಿಮಣ್ಣಿನಂಥ ಪುಡಿಯಲ್ಲಿ ಸೋಸಿ ತೆಗೆಯಬಹುದು ಎಂದು ಗೊತ್ತಾಯಿತು. ಮಾರ್ಕರ್ ತೊಳೆದ ಎಣ್ಣೆ ಪರೀಕ್ಷೆಯಲ್ಲಿ ಶುದ್ಧ! ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಮಾರ್ಕರ್ ಇಲ್ಲದಿದ್ದರೆ ಅನುಮಾನವಾದರೂ ಉಳಿಯುತ್ತಿತ್ತು. ಈಗ ಕಳ್ಳನ ಕೈಗೆ ನಾವೇ ಸರ್ಟಿಫಿಕೇಟ್ ಕೊಟ್ಟ ಹಾಗಾಯಿತು.

2011ರ ಜನವರಿ 25ರಂದು ಮಹಾರಾಷ್ಟ್ರದ ಮನ್ಮಾಡ್ ಹತ್ತಿರ ಯಶವಂತ ಸೋನಾವಣೆ ಎಂಬ ಅಡಿಷನಲ್ ಕಲೆಕ್ಟರ್‌ರನ್ನು ಎಣ್ಣೆ ಕಳ್ಳರು ಹಾಡಹಗಲೇ ಸುಟ್ಟರು. ಆಗ ಮತ್ತೆ ಮಾರ್ಕರ್ ಮಾತು ಎದ್ದಿತು.

ಲಾರಿ_ಕಾಕಾ:
ಇದನ್ನು ಓದಿದ ಮೇಲೆ ಜೋಕ್ ಮಾಡಲು ಮನಸ್ಸಾಗುವುದಿಲ್ಲ.

ಆದರೆ ಒಂದು ಮಾತು. ನಾನು ಹುಬ್ಬಳ್ಳಿ–ಮಂಗಳೂರು, ಹುಬ್ಬಳ್ಳಿ–ಪುಣೆ ಲೈನ್ ಓಡಿಸಿದವನು. ಸೀಮೆಎಣ್ಣೆ ಕಲಬೆರಕೆ ಕಡಿಮೆಯಾಗಿದ್ದು ಮಾರ್ಕರ್‌ನಿಂದ ಅಲ್ಲ. ರೇಷನ್‌ನಲ್ಲಿ ಸೀಮೆಎಣ್ಣೆಯೇ ಇಲ್ಲದಾಯಿತು, ಮನೆಮನೆಗೆ ಗ್ಯಾಸ್ ಬಂತು. ಅಗ್ಗದ ಎಣ್ಣೆಯೇ ಸಿಗದಿದ್ದರೆ ಯಾರು ಬೆರೆಸುತ್ತಾರೆ? ಹಿಂದೆ ಲೀಟರಿಗೆ ಮೂವತ್ತು ನಲವತ್ತು ರೂಪಾಯಿ ಫರಕ್ ಇತ್ತು. ಅಷ್ಟು ದುಡ್ಡಿದ್ದರೆ ಮಾರ್ಕರ್ ಏನು, ದೇವರೇ ಬಂದು ಟ್ಯಾಂಕಿನಲ್ಲಿ ಕೂತರೂ ಬೆರೆಸುತ್ತಾರೆ.

ರಸಾಯನ_ಮಾಸ್ತರ್_ಧಾರವಾಡ:
ಕಾಕಾ ಹೇಳಿದ್ದು ಅರ್ಧಕ್ಕಿಂತ ಜಾಸ್ತಿ ಸರಿ. ಬೆಲೆಯ ಫರಕ್ ಇರುವ ತನಕ ಕಳ್ಳತನ ಇರುತ್ತದೆ. ಆದರೆ ಎಲ್ಲಾ ದೇಶಗಳೂ ಫರಕ್ ಅಳಿಸಲು ಆಗುವುದಿಲ್ಲ. ರೈತನಿಗೆ ಅಗ್ಗದ ಡೀಸೆಲ್ ಕೊಡಬೇಕು, ಚಳಿ ದೇಶದಲ್ಲಿ ಮನೆ ಕಾಯಿಸಲು ಅಗ್ಗದ ಎಣ್ಣೆ ಬೇಕು. ಅಲ್ಲಿ ಮಾರ್ಕರ್ ಬೇಕೇ ಬೇಕು. ಯಾವ ಮಾರ್ಕರ್ ಎಂಬುದೇ ಪ್ರಶ್ನೆ.

ನನಗೆ ಇಷ್ಟವಾದ ಉದಾಹರಣೆ ಜಪಾನಿನದು. ಅಲ್ಲಿ ಡೀಸೆಲ್‌ಗೆ ತೆರಿಗೆ ಇದೆ, ಸೀಮೆಎಣ್ಣೆಗೆ ಆ ತೆರಿಗೆ ಇಲ್ಲ. 1991ರಿಂದ ಸೀಮೆಎಣ್ಣೆಗೂ ಒಂದು ಬಗೆಯ ಇಂಧನ ತೈಲಕ್ಕೂ ಕೌಮರಿನ್ ಬೆರೆಸುತ್ತಾರೆ. ಪ್ರಮಾಣ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. 12,000 ಲೀಟರಿನ ಟ್ಯಾಂಕರ್‌ಗೆ ಲೆಕ್ಕ ಹಾಕಿದರೆ ಸುಮಾರು ಹತ್ತು ಗ್ರಾಂ ಆಯಿತು.

ಕೌಮರಿನ್ ಅಂದರೆ ಒಣ ಹುಲ್ಲಿನ ಸಿಹಿ ವಾಸನೆ ಇರುತ್ತದಲ್ಲ, ಅದಕ್ಕೆ ಕಾರಣವಾದ ವಸ್ತು. ಅತ್ತರಿನಲ್ಲೂ ಹಾಕುತ್ತಾರೆ. ಎಣ್ಣೆಯಲ್ಲಿ ಸುಮ್ನೆ ಇದ್ದಾಗ ಅದು ಹೊಳೆಯುವುದಿಲ್ಲ. ಇಲ್ಲೇ ಇದರ ಚಮತ್ಕಾರ ಇರುವುದು. ಸ್ಯಾಂಪಲ್‌ಗೆ ಕ್ಷಾರ ಹಾಕಿ ಕಲಕಿದರೆ ಕೌಮರಿನ್‌ನ ಉಂಗುರ ಬಿಚ್ಚಿಕೊಂಡು ನೀರಿನ ಪದರಕ್ಕೆ ಇಳಿಯುತ್ತದೆ. ಆ ನೀರಿಗೆ ಯುವಿ ಹಿಡಿದರೆ ಅಣು ಆಕಾರ ಬದಲಿಸಿ ಹಸಿರಾಗಿ ಹೊಳೆಯಲು ಶುರುಮಾಡುತ್ತದೆ. ಡೀಸೆಲ್‌ನ ನೀಲಿ ಹೊಳಪು ಎಣ್ಣೆಯ ಪದರದಲ್ಲೇ ಉಳಿಯುತ್ತದೆ, ಗುರುತು ಮಾತ್ರ ನೀರಿಗೆ ಬರುತ್ತದೆ. ಪಂಪ್ ಅಣ್ಣನ ಟಾರ್ಚ್ ಎದುರಿಸಿದ ಸಮಸ್ಯೆಗೆ ಅವರು ಕಂಡುಕೊಂಡ ದಾರಿ ಇದು. ಗದ್ದಲದಿಂದ ಗುರುತನ್ನು ಹೊರಗೆ ಕರೆದುಕೊಂಡು ಬಂದು ಮಾತಾಡಿಸುವುದು.

ಆದರೆ ಇದನ್ನೂ ತೊಳೆಯಬಹುದು. ಗಂಧಕಾಮ್ಲ ಹಾಕಿ ತೆಗೆಯುವ ಕಳ್ಳರು ಅಲ್ಲಿಯೂ ಹುಟ್ಟಿಕೊಂಡರು. ತೆಗೆದ ಮೇಲೆ ಉಳಿಯುವ ಕಪ್ಪು ಕೆಸರನ್ನು ಎಲ್ಲೆಂದರಲ್ಲಿ ಸುರಿದದ್ದು ಇನ್ನೊಂದು ದೊಡ್ಡ ತಲೆನೋವಾಯಿತು.

ಬೆಟಗೇರಿ_ಟು_ಡಬ್ಲಿನ್:
ಕೆಸರು ಎಂದ ತಕ್ಷಣ ಬರೆಯಬೇಕೆನಿಸಿತು. ನಾನು ಗದಗ-ಬೆಟಗೇರಿಯವ, ಐರ್ಲೆಂಡ್‌ನಲ್ಲಿದ್ದೇನೆ. ಇಲ್ಲಿ ರೈತರ ಡೀಸೆಲ್‌ಗೆ ಹಸಿರು ಬಣ್ಣ. ಗಡಿಯ ಆಚೆ ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್‌ನಲ್ಲಿ ಕೆಂಪು. ಬಣ್ಣದ ಜೊತೆ ಕಾಣದ ಗುರುತೂ ಇರುತ್ತದೆ. ಎರಡನ್ನೂ ಆಮ್ಲ, ಜೇಡಿ, ಇದ್ದಿಲಿನಲ್ಲಿ ತೊಳೆದು ಕಾರಿನ ಡೀಸೆಲ್ ಎಂದು ಮಾರುವುದು ಗಡಿಯ ಹಳ್ಳಿಗಳಲ್ಲಿ ದೊಡ್ಡ ದಂಧೆಯಾಗಿತ್ತು. ಕೆಸರನ್ನು ರಾತ್ರಿ ರಸ್ತೆ ಬದಿ ಬಿಟ್ಟು ಹೋಗುತ್ತಿದ್ದರಂತೆ. ಅದನ್ನು ಸ್ವಚ್ಛ ಮಾಡಲು ಊರಿನ ಆಡಳಿತವೇ ದುಡ್ಡು ಸುರಿಯಬೇಕಿತ್ತು.

2015ರ ಏಪ್ರಿಲ್‌ನಲ್ಲಿ ಎರಡೂ ಸರ್ಕಾರ ಸೇರಿ ಹೊಸ ಮಾರ್ಕರ್ ತಂದವು. ಅದು ಹೊಳೆಯುವುದೂ ಇಲ್ಲ, ಬಣ್ಣವೂ ಇಲ್ಲ. ಡೀಸೆಲ್ ಅಣುಗಳ ಹಾಗೆಯೇ ನಡೆದುಕೊಳ್ಳುವ ಅಣು. ಜೇಡಿಯಲ್ಲಿ ನಿಲ್ಲುವುದಿಲ್ಲ, ಆಮ್ಲಕ್ಕೆ ಬಗ್ಗುವುದಿಲ್ಲ, ಕುದಿಸಿ ಬೇರೆ ಮಾಡೋಣ ಎಂದರೆ ಡೀಸೆಲ್ ಜೊತೆಯೇ ಕುದಿಯುತ್ತದೆ. ಹಿಡಿಯಲು ಲ್ಯಾಬಿನ ಯಂತ್ರ ಬೇಕು. ತೊಳೆಯುವ ದಂಧೆ ಬಹಳ ಮಟ್ಟಿಗೆ ಬಿದ್ದುಹೋಯಿತು. ಯುರೋಪಿನಲ್ಲೂ ಹಳೆಯ ಸಾಲ್ವೆಂಟ್ ಯೆಲ್ಲೋ 124 ಎಂಬ ಮಾರ್ಕರ್ ಬದಲು ಇದೇ ಜಾತಿಯ ಮಾರ್ಕರ್ 2024ರ ಜನವರಿಯಿಂದ ಕಡ್ಡಾಯವಾಗಿದೆ.

ಸೋಲರ್_ನವಲಗುಂದ:
ಅಂದರೆ ಹೊಳೆಯುವ ಮಾರ್ಕರ್ ಸೋತು ಹೊಳೆಯದ ಮಾರ್ಕರ್ ಗೆದ್ದಿದೆ ಅಂತಾಯಿತು. ಹಾಗಿದ್ದರೆ ಹೊಳೆಯುವುದರ ಮೇಲೆ ಯಾಕೆ ಇಷ್ಟು ಮಾತು?

ರಸಾಯನ_ಮಾಸ್ತರ್_ಧಾರವಾಡ:
ಹಾಗೆ ಒಂದೇ ಮಾತಿನಲ್ಲಿ ಮುಗಿಸಬೇಡಿ. ಹೊಳೆಯುವುದರ ದೊಡ್ಡ ಲಾಭ ಎಂದರೆ ರಸ್ತೆ ಬದಿಯಲ್ಲೇ, ಕೈಯಲ್ಲಿ ಹಿಡಿಯುವ ಸಾಧನದಲ್ಲಿ, ಒಂದೆರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಡಬ್ಲಿನ್‌ನವರು ಹೇಳಿದ ಮಾರ್ಕರ್ ಹಿಡಿಯುವ ಯಂತ್ರ ತಾಲ್ಲೂಕಿಗೊಂದು ಇಡಲು ಆಗುತ್ತದೆಯೇ?

ಇಲ್ಲಿ ಎರಡು ಪದ್ಧತಿ ಇವೆ. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಮೊದಲನೆಯದು, ಅಗ್ಗದ ಎಣ್ಣೆಗೆ ಗುರುತು ಹಾಕಿ ದುಬಾರಿ ಎಣ್ಣೆಯಲ್ಲಿ ಹುಡುಕುವುದು. ನಮ್ಮ 2006ರದು, ಜಪಾನಿನದು, ಐರ್ಲೆಂಡಿನದು ಎಲ್ಲಾ ಇದೇ. ಗುರುತು ಸ್ವಲ್ಪ ಸಿಕ್ಕರೂ ಕಳ್ಳತನ ಖಚಿತ. ದೋಷ ಏನೆಂದರೆ ಕಳ್ಳನಿಗೆ ಗುರುತು ತೆಗೆಯುವ ಆಸೆ ಹುಟ್ಟುತ್ತದೆ, ತೆಗೆದರೆ ಗೆದ್ದ.

ಎರಡನೆಯದು ತಿರುವುಮುರುವು. ತೆರಿಗೆ ಕಟ್ಟಿದ ಒಳ್ಳೆಯ ಎಣ್ಣೆಗೇ ಗುರುತು ಹಾಕುವುದು. ಬಂಕಿನಲ್ಲಿ ಅಳೆದಾಗ ಗುರುತು ನೂರಕ್ಕೆ ನೂರು ಇರಬೇಕು. ತೊಂಬತ್ತು ಬಂದರೆ ಹತ್ತು ಪಾಲು ಬೇರೇನೋ ಸೇರಿದೆ. ಇಲ್ಲಿ ಗುರುತು ತೆಗೆಯುವುದರಿಂದ ಕಳ್ಳನಿಗೆ ಲಾಭವೇ ಇಲ್ಲ, ಅವನು ಗುರುತನ್ನು ನಕಲು ಮಾಡಿ ಸೇರಿಸಬೇಕು. ಅದು ಇನ್ನೂ ಕಷ್ಟ. ತಾಂಜಾನಿಯಾ ಈ ದಾರಿ ಹಿಡಿದಿದೆ. ಫಿಲಿಪೀನ್ಸ್ 2019ರಲ್ಲಿ ಇದನ್ನೇ ಶುರುಮಾಡಿತು. ನನ್ನ ಕೇಳಿದರೆ ನಮ್ಮಂಥ ದೇಶಕ್ಕೆ ಎರಡನೆಯದೇ ಸರಿ. ಏನು ಬೆರೆಸುತ್ತಾರೆ ಎಂದು ನಾವು ಮೊದಲೇ ಊಹಿಸಬೇಕಿಲ್ಲ. ಸೀಮೆಎಣ್ಣೆಯಾಗಲಿ, ಸಾಲ್ವೆಂಟ್ ಆಗಲಿ, ಗುರುತಿನ ಪ್ರಮಾಣ ಇಳಿದೇ ಇಳಿಯುತ್ತದೆ.

ಆದರೆ ಇದಕ್ಕೆ "ಇದೆ, ಇಲ್ಲ" ಎಂಬ ಪರೀಕ್ಷೆ ಸಾಲದು, ನಿಖರವಾಗಿ ಅಳೆಯಬೇಕು. ಅಲ್ಲಿ ಮತ್ತೆ ಡೀಸೆಲ್‌ನ ಸ್ವಂತ ನೀಲಿ ಹೊಳಪು ಅಡ್ಡ ಬರುತ್ತದೆ. ಅದಕ್ಕೇ ಕೆಂಪಿನ ಆಚೆಗಿನ ಬೆಳಕಿಗೆ ಸ್ಪಂದಿಸುವ ಬಣ್ಣಗಳನ್ನು ಬಳಸುತ್ತಾರೆ. ಥಾಲೊಸಯನಿನ್ ಎಂಬ ಕುಟುಂಬದ ಅಣುಗಳು ಇದಕ್ಕೆ ಹೆಸರುವಾಸಿ. ಆ ಭಾಗದಲ್ಲಿ ಡೀಸೆಲ್ ಹೆಚ್ಚುಕಡಿಮೆ ಮೌನ. ಹೀರುವ ಬೆಳಕೂ ಕಾಣುವುದಿಲ್ಲ, ಬಿಡುವ ಬೆಳಕೂ ಕಾಣುವುದಿಲ್ಲ. ಅಂಥದ್ದು ಇದ್ದರೆ ಅಣ್ಣನ ಟಾರ್ಚ್‌ಗೆ ಏನೂ ಗೊತ್ತಾಗದು.

ಇನ್ನೊಂದು ಷರತ್ತೂ ಇದೆ. ಮಾರ್ಕರ್ ಉರಿದಾಗ ಬೂದಿ ಉಳಿಯಬಾರದು. ಲೋಹ ಇರುವ ಅಣು ಇಂಜೆಕ್ಟರ್‌ಗೂ ಸೈಲೆನ್ಸರ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್‌ಗೂ ಕೇಡು. ಹೀಗಾಗಿ ಯುರೋಪಿಯಂನಂಥ ಅಪರೂಪದ ಲೋಹಗಳ ಹೊಳಪು ಕಾಗದಕ್ಕೆ, ಶಾಯಿಗೆ ಚೆಂದ. ಇಂಧನಕ್ಕೆ ಬೇಡ.

ಗದಗ_ಅಚ್ಚುಮೊಳೆ:
ಶಾಯಿ ಎಂದಿರಿ, ನಾನು ಬಂದೆ. ಗದಗನ್ನು ಮುದ್ರಣ ಕಾಶಿ ಎಂದು ಸುಮ್ನೆ ಕರೆಯುವುದಿಲ್ಲ. 😊

ಯುವಿ ಶಾಯಿ ನಮಗೆ ಹೊಸದಲ್ಲ. ಮಾಮೂಲಿ ಬೆಳಕಿನಲ್ಲಿ ಕಾಣುವುದಿಲ್ಲ, ಟಾರ್ಚ್ ಹಾಕಿದರೆ ಅಕ್ಷರ ಎದ್ದು ಬರುತ್ತದೆ. ನೋಟಿನಲ್ಲಿ ನಂಬರ್ ಇರುವ ಜಾಗ, ಕಾಗದದೊಳಗಿನ ಸಣ್ಣ ಎಳೆಗಳು, ಭದ್ರತಾ ದಾರ, ಎಲ್ಲಾ ಹೊಳೆಯುವುದು ಇದರಿಂದಲೇ. ಆದರೆ ಶಾಯಿಗಿಂತ ಕಾಗದ ಮುಖ್ಯ ಎಂಬುದು ಜನರಿಗೆ ಗೊತ್ತಿಲ್ಲ. ಅಂಗಡಿಯಲ್ಲಿ ಸಿಗುವ ಬಿಳಿ ಹಾಳೆಗೆ ಟಾರ್ಚ್ ಹಾಕಿ ನೋಡಿ, ಇಡೀ ಹಾಳೆ ನೀಲಿ-ಬಿಳಿಯಾಗಿ ಉರಿಯುತ್ತದೆ. ಬಿಳುಪು ಹೆಚ್ಚಿಸಲು ಬ್ರೈಟ್ನರ್ ಹಾಕಿರುತ್ತಾರೆ. ಅಂಥ ಹಾಳೆಯ ಮೇಲೆ ಗುಪ್ತ ಶಾಯಿ ಹಾಕಿದರೆ ಹಗಲಲ್ಲಿ ದೀಪ ಹಚ್ಚಿದ ಹಾಗೆ. ನೋಟಿನ ಕಾಗದ ಯುವಿಯಲ್ಲಿ ಕಪ್ಪಾಗಿರುತ್ತದೆ, ಅದಕ್ಕೇ ಅದರ ಮೇಲಿನ ಗುರುತು ಎದ್ದು ಕಾಣುತ್ತದೆ. ನಕಲಿ ನೋಟು ಅನೇಕ ಸಲ ಸಿಕ್ಕಿಬೀಳುವುದು ಗುರುತು ಇಲ್ಲ ಎಂದಲ್ಲ, ಕಾಗದವೇ ಹೊಳೆಯುತ್ತದೆ ಎಂದು.

ಈಗ ಬೀಜದ ಪ್ಯಾಕೆಟ್, ಔಷಧ ಲೇಬಲ್‌ಗೆ ಯುವಿ ಗುರುತು ಬೇಕು ಎಂದು ಗಿರಾಕಿಗಳು ಕೇಳುತ್ತಾರೆ. ನಾನು ಮೊದಲೇ ಹೇಳಿಬಿಡುತ್ತೇನೆ. ಈ ಶಾಯಿ ಯಾರಿಗೆ ಬೇಕಾದರೂ ಸಿಗುತ್ತದೆ. ನಿಮ್ಮ ಗುರುತು ನಕಲು ಮಾಡುವವನಿಗೂ ಅದೇ ಡಬ್ಬಿ, ಅದೇ ರೇಟ್.

ಬ್ಯಾಡಗಿ_ಮೆಣಸಿನಕಾಯಿ:
ನಮಸ್ಕಾರ. ನಮ್ಮ ಮನೆಯದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಗದಗದ ಅಣ್ಣಾ ಹೇಳಿದ್ದನ್ನು ಓದಿ ಕೇಳುತ್ತಿದ್ದೇನೆ. ಬ್ಯಾಡಗಿ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಎಂಬ ಅಧಿಕೃತ ಗುರುತು, ಬಂತು. ಆದರೂ ಬೇರೆ ಕಡೆಯ ಕಾಯಿ ತಂದು ಬ್ಯಾಡಗಿ ಎಂದು ಹೇಳಿ ಮಾರುವುದು ನಿಂತಿಲ್ಲ. ಡೀಸೆಲ್‌ಗೆ ಹಾಕುವಂಥ ಗುರುತನ್ನು ನಮ್ಮ ಕಾಯಿಗೆ ಹಾಕಲು ಬರುವುದಿಲ್ಲವೇ? ಪುಡಿಯಾದ ಮೇಲೂ ಇದು ಬ್ಯಾಡಗಿ ಎಂದು ಗೊತ್ತಾಗಬೇಕು.

ರಸಾಯನ_ಮಾಸ್ತರ್_ಧಾರವಾಡ:
ಅಕ್ಕಾ, ತಿನ್ನುವ ವಸ್ತುವಿಗೆ ಈ ಡೈಗಳನ್ನು ಹಾಕುವ ಮಾತೇ ಬೇಡ. ಸೂಡಾನ್ ರೆಡ್ ಎಂಬ ಬಣ್ಣ ಖಾರದ ಪುಡಿಯಲ್ಲಿ ಸಿಕ್ಕಿದ್ದಕ್ಕೆ 2000ದ ದಶಕದಲ್ಲಿ ಯುರೋಪಿನಲ್ಲಿ ಎಷ್ಟು ಗಲಾಟೆ ಆಯಿತೆಂದು ನಿಮಗೇ ಗೊತ್ತಿರುತ್ತದೆ. ತಮಾಷೆ ಎಂದರೆ ಅದೇ ಸೂಡಾನ್ ಕುಟುಂಬದ ಬಣ್ಣಗಳನ್ನೇ ಹೊರದೇಶದಲ್ಲಿ ಡೀಸೆಲ್ ಕೆಂಪು ಮಾಡಲು ಬಳಸುತ್ತಾರೆ.

ಚೀಲದ ಮೇಲೆ, ಲೇಬಲ್ ಮೇಲೆ ಗುರುತು ಹಾಕಬಹುದು. ಆದರೆ ಅದು ಚೀಲದ ಸಾಕ್ಷಿ, ಕಾಯಿಯದಲ್ಲ. ಖಾಲಿ ಚೀಲ ಮತ್ತೆ ತುಂಬಿದರೆ ಗುರುತು ಹಾಗೆಯೇ ಹೊಳೆಯುತ್ತದೆ.

ಬ್ಯಾಡಗಿ_ಮೆಣಸಿನಕಾಯಿ:
ಖಾಲಿ ಚೀಲದ ವ್ಯಾಪಾರವೇ ಬೇರೆ ಇದೆ ಮಾಸ್ತರ್, ಅದನ್ನು ನನ್ನ ಬಾಯಿಂದ ಹೇಳಿಸಬೇಡಿ. 😅

ಇನ್ನೊಂದು ಅನುಮಾನ. ಬೂಸ್ಟು ಹಿಡಿದ ಕಾಯಿ ಯುವಿಯಲ್ಲಿ ಹೊಳೆಯುತ್ತದೆ, ಬೂಸ್ಟಿನ ವಿಷ ಅಫ್ಲಾಟಾಕ್ಸಿನ್ ಇದೆಯಾ ಇಲ್ಲವಾ ಟಾರ್ಚ್‌ನಲ್ಲೇ ನೋಡಬಹುದು ಎಂದು ಒಬ್ಬ ಏಜೆಂಟ್ ಟಾರ್ಚ್ ಮಾರಲು ಬಂದಿದ್ದ.

ರಸಾಯನ_ಮಾಸ್ತರ್_ಧಾರವಾಡ:
ಕೊಳ್ಳಬೇಡಿ. ಅಫ್ಲಾಟಾಕ್ಸಿನ್ ಹೊಳೆಯುವುದು ನಿಜ. ಅದರ ಹೆಸರುಗಳೇ ಅಲ್ಲಿಂದ ಬಂದಿವೆ. ಬಿ1, ಬಿ2 ನೀಲಿ (ಬ್ಲೂ), ಜಿ1, ಜಿ2 ಹಸಿರು (ಗ್ರೀನ್). ಆದರೆ ಲ್ಯಾಬಿನಲ್ಲಿ ದ್ರಾವಣದಲ್ಲಿ ಕರಗಿಸಿ, ಬೇರೆ ವಸ್ತುಗಳಿಂದ ಬಿಡಿಸಿದ ಮೇಲೆ ಅದು ಕಾಣುವುದು. ಕಾಯಿಯ ಮೇಲೆ ನೇರವಾಗಿ ಟಾರ್ಚ್ ಹಾಕಿದರೆ ಧೂಳು, ನಾರು, ತೊಟ್ಟು ಎಲ್ಲವೂ ಏನೋ ಒಂದು ಹೊಳಪು ಕೊಡುತ್ತವೆ. ಅಷ್ಟು ಕಡಿಮೆ ಪ್ರಮಾಣದ ವಿಷ ಅದರಲ್ಲಿ ಕಾಣುವುದಿಲ್ಲ.

ಹಾವೇರಿ ಕಡೆಯ ಗೋವಿನಜೋಳಕ್ಕೆ ಮಾತ್ರ ಒಂದು ಪರೀಕ್ಷೆ ಇದೆ. ಒಡೆದ ಕಾಳಿಗೆ ಯುವಿ ಹಾಕಿದಾಗ ಹಸಿರು-ಹಳದಿ ಚುಕ್ಕೆ ಕಂಡರೆ ಆ ಶಿಲೀಂಧ್ರ ಬೆಳೆದಿತ್ತು ಎಂಬ ಸುಳಿವು. ಅಲ್ಲಿ ಹೊಳೆಯುವುದು ಕೂಡ ವಿಷವಲ್ಲ. ಶಿಲೀಂಧ್ರ ಮಾಡುವ ಕೋಜಿಕ್ ಆಮ್ಲ ಕಾಳಿನ ಕಿಣ್ವದ ಜೊತೆ ಸೇರಿ ಆದ ಬೇರೆ ವಸ್ತು. ಆಮೇಲೆ ಲ್ಯಾಬಿಗೆ ಕಳಿಸಲೇಬೇಕು.

ರಟ್ಟೀಹಳ್ಳಿ_ರೈತ:
ಗೊಬ್ಬರದ ವಿಷಯ ಯಾರೂ ಹೇಳಲಿಲ್ಲವಲ್ಲ. ಯೂರಿಯಾಕ್ಕೆ ಬೇವಿನ ಎಣ್ಣೆ ಸವರುವುದೂ ಒಂದು ರೀತಿ ಮಾರ್ಕರೇ ಅಲ್ವಾ? 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲಾ ಬೇವು ಕಡ್ಡಾಯ. ಸಾರಜನಕ ನಿಧಾನ ಬಿಡುತ್ತದೆ ಎಂದು ನಮಗೆ ಹೇಳಿದರು. ಆದರೆ ಪ್ಲೈವುಡ್ ಅಂಟಿನ ಫ್ಯಾಕ್ಟರಿಗೆ ಹೋಗುತ್ತಿದ್ದ ಸಬ್ಸಿಡಿ ಚೀಲ ತಡೆಯಬೇಕು ಎಂಬುದೂ ಅದರ ಉದ್ದೇಶ. ಇದಕ್ಕೆ ಟಾರ್ಚೂ ಬೇಡ, ಯಂತ್ರವೂ ಬೇಡ. ಮೂಗು ಸಾಕು.

ಡಿಪೋ_ನಿವೃತ್ತ:
ಒಳ್ಳೆಯ ಉದಾಹರಣೆ. ಗುರುತು ಸಿಕ್ಕಿತು ಎಂಬುದಕ್ಕಿಂತ ಅದು ಇರುವ ವಸ್ತು ಕಳ್ಳನಿಗೆ ಉಪಯೋಗಕ್ಕೆ ಬರಬಾರದು. ಅದು ಇನ್ನೂ ಮೇಲು.

ಲಾರಿ_ಕಾಕಾ:
ಲೋಕಾಯುಕ್ತದವರದನ್ನೂ ಸೇರಿಸಿ. ನೋಟಿಗೆ ಪುಡಿ ಸವರಿ ಕೊಡುತ್ತಾರೆ, ಸಾಹೇಬರು ಕೈ ತೊಳೆದರೆ ನೀರು ಗುಲಾಬಿ! ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ.

ರಸಾಯನ_ಮಾಸ್ತರ್_ಧಾರವಾಡ:
ಫಿನಾಲ್ಫ್ತಲೀನ್ ಕಾಕಾ. ತೊಳೆಯುವ ನೀರಿನಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಕ್ಷಾರಕ್ಕೆ ಸಿಕ್ಕ ತಕ್ಷಣ ಗುಲಾಬಿ. ಆಂತ್ರಸೀನ್ ಪುಡಿ ಸವರಿ ಯುವಿ ದೀಪದಲ್ಲಿ ನೋಡುವ ಪದ್ಧತಿಯೂ ಇತ್ತು. ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾರ್ಕರ್ ಇದೇ ಇರಬೇಕು. ಯಾಕೆಂದರೆ ದೀಪ ಹಿಡಿದವನು, ಸಾಕ್ಷಿ, ವರದಿ ಬರೆಯುವವನು ಎಲ್ಲರೂ ಅದೇ ಕೋಣೆಯಲ್ಲಿ ಇರುತ್ತಾರೆ. ಬಂಕಿನ ಸ್ಯಾಂಪಲ್ ಲ್ಯಾಬಿಗೆ ಹೋಗುವ ದಾರಿಯಲ್ಲಿ ಎಷ್ಟು ಕೈ ದಾಟುತ್ತದೆ ಎಂದು ಡಿಪೋದವರನ್ನು ಕೇಳಿ.

ಡಿಪೋ_ನಿವೃತ್ತ:
ಅದನ್ನು ಕೇಳಬೇಡಿ, ಪೆನ್ಷನ್ ಬರುತ್ತಿದೆ.

ಖಾದಿ_ಬೆಂಗೇರಿ:
ಸಣ್ಣ ಸೇರ್ಪಡೆ. ನಮ್ಮ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವುದು ಎಲ್ಲರಿಗೂ ಗೊತ್ತು. ಬ್ರೈಟ್ನರ್ ಕಾಣದ ಕೈಮಗ್ಗದ ಬಟ್ಟೆ ಟಾರ್ಚ್‌ನಲ್ಲಿ ಮಂಕಾಗಿರುತ್ತದೆ, ಬ್ರೈಟ್ನರ್ ಹಾಕಿದ ಮಿಲ್ ಬಟ್ಟೆ ನೀಲಿಯಾಗಿ ಉರಿಯುತ್ತದೆ. ಇದರಿಂದ ಖಾದಿ ಹಿಡಿಯಬಹುದು ಎಂದು ಉತ್ಸಾಹ ಪಡಬೇಡಿ. ಖಾದಿ ಅಂಗಿಯನ್ನು ಒಮ್ಮೆ ವಾಷಿಂಗ್ ಪೌಡರ್‌ನಲ್ಲಿ ತೊಳೆದರೆ ಅದೂ ಹೊಳೆಯುತ್ತದೆ. ಪೌಡರ್‌ನಲ್ಲೇ ಬ್ರೈಟ್ನರ್ ಇರುತ್ತದೆ.

ಪಂಪ್_ನಾಜಲ್_ಹುಬ್ಬಳ್ಳಿ:
ಎಲ್ಲರಿಗೂ ಧನ್ಯವಾದ. ಒಂದು ಟಾರ್ಚ್‌ನಿಂದ ಇಷ್ಟೆಲ್ಲಾ ಬಂತಲ್ಲ!

ನನ್ನ ಕಡೆಯಿಂದಲೂ ಒಂದೆರಡು ಮಾತು. ಸೀಮೆಎಣ್ಣೆ ಬೆರೆತ ಡೀಸೆಲ್ ಮೊದಲು ತಿನ್ನುವುದು ಪಂಪನ್ನು. ಪಂಪ್‌ಗೆ ಡೀಸೆಲ್ಲೇ ಗ್ರೀಸು. ಸೀಮೆಎಣ್ಣೆ ತೆಳು, ಜಿಡ್ಡು ಕಡಿಮೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಹಳೆಯ ಪಂಪುಗಳು ಹೇಗೋ ತಡೆದುಕೊಳ್ಳುತ್ತಿದ್ದವು. ಈಗಿನ ಕಾಮನ್ ರೈಲ್ ಪಂಪುಗಳಿಗೆ ಅಷ್ಟು ಸಹನೆ ಇಲ್ಲ. ಆದರೆ ಪಂಪ್ ಸವೆದಿದೆ ಎಂದ ಮಾತ್ರಕ್ಕೆ ಕಲಬೆರಕೆ ಎಂದೂ ಹೇಳಲಾಗದು. ನೀರು, ಕಸ, ಫಿಲ್ಟರ್ ಬದಲಿಸದೇ ಇರುವುದು, ಇವುಗಳಿಂದಲೂ ಹಾಗೆಯೇ ಆಗುತ್ತದೆ. ಟಾರ್ಚ್ ಕೊಳ್ಳುವ ಆಸೆ ಇದ್ದವರಿಗೆ: ನೇರಳೆ ಬೆಳಕು ಜಾಸ್ತಿ ಕಾಣುವ 395 ನ್ಯಾನೋಮೀಟರ್ ತರಂಗದ್ದು ಅಗ್ಗ, ಆದರೆ ಆ ನೇರಳೆಯಲ್ಲಿ ಸಣ್ಣ ಹೊಳಪು ಮುಚ್ಚಿಹೋಗುತ್ತದೆ. 365 ನ್ಯಾನೋಮೀಟರ್‌ನದು ತೆಗೆದುಕೊಳ್ಳಿ, ಹಳದಿ ಕನ್ನಡಕ ಹಾಕಿಕೊಳ್ಳಿ. ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಒಳ್ಳೆಯದಲ್ಲ.

ಈಗ ಬಿಡಿಸಿ ಹೇಳಿ ಮಾಸ್ತರ್. ಟಾರ್ಚ್ ಕೆಲಸಕ್ಕೆ ಬರುವುದಿಲ್ಲ, ಮಾರ್ಕರ್ ನಿಂತುಹೋಗಿದೆ. ಮತ್ತೆ ಆ ಟ್ರ್ಯಾಕ್ಟರ್ ಮಾಲೀಕರಿಗೆ ಏನು ಹೇಳಲಿ?

ರಸಾಯನ_ಮಾಸ್ತರ್_ಧಾರವಾಡ:
ಲ್ಯಾಬಿನವರ ಕೈಯಲ್ಲಿ ಒಂದು ಒಳ್ಳೆಯ ಗುರುತು ಈಗ ಪುಕ್ಕಟೆ ಬಂದಿದೆ: ಗಂಧಕ. 2020ರ ಏಪ್ರಿಲ್‌ನಿಂದ ಬಿಎಸ್6 (ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ) ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ದಾಟುವಂತಿಲ್ಲ. ಸೀಮೆಎಣ್ಣೆಯಲ್ಲಿ, ಕೆಲವು ಕೈಗಾರಿಕಾ ಎಣ್ಣೆಗಳಲ್ಲಿ ಅದು ನೂರಾರು ಇರಬಹುದು. ಸ್ವಲ್ಪ ಬೆರೆಸಿದರೂ ಅಂಕಿ ಏರಿಬಿಡುತ್ತದೆ. ಯಾರೂ ಹಾಕದ ಮಾರ್ಕರ್ ಅದು.

ಗಿರಾಕಿಗೆ ಉಳಿದಿರುವುದು ಡೆನ್ಸಿಟಿ, ಅಂದರೆ ಇಷ್ಟು ಅಳತೆಯ ಎಣ್ಣೆ ಎಷ್ಟು ತೂಗುತ್ತದೆ ಎಂಬುದು. ಬಂಕಿನಲ್ಲಿ ಕೇಳಿದರೆ ಜಾರ್, ಡೆನ್ಸಿಟಿ ಅಳೆಯುವ ಹೈಡ್ರೋಮೀಟರ್, ಥರ್ಮಾಮೀಟರ್ ಕೊಡಲೇಬೇಕು. ಟ್ಯಾಂಕರ್ ಬಂದಾಗಿನ ಡೆನ್ಸಿಟಿ ರಿಜಿಸ್ಟರ್‌ನಲ್ಲಿ ಇರುತ್ತದೆ. ನಿಮ್ಮ ಅಳತೆಗೂ ಅದಕ್ಕೂ ಘನ ಮೀಟರಿಗೆ 3 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪ್ರಶ್ನೆ ಮಾಡಬಹುದು. ಪೆಟ್ರೋಲ್ ಆದರೆ ಫಿಲ್ಟರ್ ಪೇಪರ್ ಮೇಲೆ ಹನಿ ಹಾಕಿ ನೋಡುವುದೂ ಇದೆ, ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರಬೇಕು. ಅದು ಡೀಸೆಲ್‌ಗೆ ಆಗುವುದಿಲ್ಲ.

ಡಿಪೋ_ನಿವೃತ್ತ:
ಒಂದು ಎಚ್ಚರಿಕೆ ಹೇಳಿ ಮಾಸ್ತರ್. ಇಲ್ಲದಿದ್ದರೆ ಕುಂದಗೋಳದವರು ಮತ್ತೆ ಜಗಳಕ್ಕೆ ನಿಲ್ಲುತ್ತಾರೆ. ರಿಜಿಸ್ಟರ್‌ನಲ್ಲಿರುವುದು 15 ಡಿಗ್ರಿಗೆ ತಂದ ಡೆನ್ಸಿಟಿ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಜಾರಿನಲ್ಲಿ 35 ಇರುತ್ತದೆ. ಡೀಸೆಲ್ ಒಂದು ಡಿಗ್ರಿಗೆ ಸುಮಾರು 0.7 ಕೆಜಿ ಇಳಿಯುತ್ತದೆ, ಅಂದರೆ ಇಪ್ಪತ್ತು ಡಿಗ್ರಿಗೆ 14. ಹೈಡ್ರೋಮೀಟರ್‌ನಲ್ಲಿ 816 ಕಂಡರೆ ಅದು ಸುಮಾರು 830ರ ಒಳ್ಳೆಯ ಡೀಸೆಲ್ಲೇ. ನೇರವಾಗಿ ಹೋಲಿಸಬೇಡಿ, ಪರಿವರ್ತನೆಯ ಟೇಬಲ್ ಬಂಕಿನಲ್ಲೇ ಇರುತ್ತದೆ, ಕೇಳಿ ತೆಗೆಸಿ. ಬೆಳಿಗ್ಗೆ ಬೇಗ, ಬಂಕಿನಲ್ಲಿ ಗಿರಾಕಿ ಕಡಿಮೆ ಇರುವಾಗ ಹೋದರೆ ಹುಡುಗರೂ ಸಮಾಧಾನದಿಂದ ತೋರಿಸುತ್ತಾರೆ.